ಗರಸಿನ ಮೂಲೆಯ ಶಾವಂತಿಗೆ

"ಹಿತ್ತಲದಾಗ ಏನ್ ಬೇಕಾದ್ರೂ ಹಚ್ಚು, ಏನ್ ಬೇಕಾದ್ರೂ ಕೀಳು. ಆ ಮೂಲ್ಯಾಗಿನ ಶಾವಂತಿಗಿ ತಂಟೇಕ ಮಾತ್ರ ಹೋಗಬ್ಯಾಡ."

ತುಳಜಾಬಾಯಿ ಹೊಸ ಸೊಸೆಗೆ ಈ ಮಾತು ಹೇಳಿದ್ದು ಮನೆ ತುಂಬಿಸಿಕೊಂಡ ಮರುದಿನವೇ, ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ.

"ಯಾಕ್ರಿ ಅತ್ತಿ, ಕಡೀತದೇನು?"

"ಕಡ್ಯಾಂಗಿಲ್ಲ."

"ಮತ್ತ?"

ಮುದುಕಿ ಮೊರದಲ್ಲಿದ್ದ ಒಂದು ಹರಳು ಹುಡುಕಿ ತೆಗೆದು ಅಂಗಳಕ್ಕೆ ಎಸೆದಳು. "ಹಿಡದ್ರ ಬಿಡಂಗಿಲ್ಲ."

ದ್ರೌಪದಿ ಕಿಸಕ್ಕನೆ ನಕ್ಕಳು. ಸೊಲ್ಲಾಪುರದ ಗಿರಣಿ ಚಾಳಿನಲ್ಲಿ ಬೆಳೆದ ಹುಡುಗಿ ಅವಳು. ಬೆಳಗಿನ ಪಾಳಿಗೆ ಕರೆಯುವ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಎದ್ದು, ಗಿರಣಿಗೆ ಹೋಗುವ ಅಪ್ಪ ನಾಗಣ್ಣನಿಗೆ ರೊಟ್ಟಿ ಬಡಿದು ಕೊಟ್ಟು, ಎಣ್ಣೆಯ ಹಳೆ ಡಬ್ಬಿಗಳಲ್ಲಿ ತುಳಸಿ, ಗುಲಬಕ್ಷಿ ಬೆಳೆಸಿದವಳು. ಸಣ್ಣಂದಿನಲ್ಲೇ ತಾಯಿ ತೀರಿಹೋದ ಮನೆಯಲ್ಲಿ ದೆವ್ವದ ಕತೆ ಹೇಳಿ ಅಂಜಿಸುವವರೂ ಇರಲಿಲ್ಲ. ವಾಗದರಿಯ ಬಂಡೆಪ್ಪನಿಗೆ ಎರಡನೆಯ ಹೆಂಡತಿಯಾಗಿ ಬರುವಾಗ, ಮೊದಲನೆಯವಳಾದ ನೀಲಾಬಾಯಿ ಯಾವುದೋ ಬೇನೆಯಲ್ಲಿ ಸೊರಗಿ ಸತ್ತಳೆಂದಷ್ಟೇ ಅವಳಿಗೆ ಗೊತ್ತಿತ್ತು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳೂ ಕೇಳಲಿಲ್ಲ.

ಆದರೆ ಗಿಡಗಳನ್ನು ಬಲ್ಲವಳಾದ್ದರಿಂದ ಆ ಶಾವಂತಿಗೆ ಅವಳನ್ನು ಕಾಡಿತು. ದನದ ಕೊಟ್ಟಿಗೆಯ ಹಿಂಗೋಡೆಗೂ ಹಿತ್ತಲ ಗೋಡೆಗೂ ನಡುವಿನ ಇಕ್ಕಟ್ಟಾದ ಮೂಲೆ ಅದು. ಅಲ್ಲಿಗೆ ಬಿಸಿಲು ಇಣುಕುತ್ತಿರಲಿಲ್ಲ. ಸುತ್ತಿನ ಹೊಲಗಳಲ್ಲಿ ಎರೆಮಣ್ಣು ಬೆಣ್ಣೆಯ ಹಾಗಿದ್ದರೆ ಇಲ್ಲಿ ಮಾತ್ರ ಬರೀ ಗರಸು, ಕಲ್ಲುಚೂರಿನ ನೆಲ, ಸಲಿಕೆ ಹಾಕಿದರೆ ಕಿಡಿ ಹಾರುವಂಥದು. ಸುರಿದ ನೀರು ನಿಲ್ಲದೆ ಜಾರಿಹೋಗುತ್ತಿತ್ತು. ಚೆಂಡುಹೂವಿನ ಸಸಿ ಸಹ ಎರಡೆಲೆ ಬಿಟ್ಟು ಸತ್ತುಹೋಗುತ್ತಿತ್ತು. ಅಂಥ ನೆಲದಲ್ಲಿ ಶಾವಂತಿಗೆ ಪೊದೆಗಟ್ಟಿ ಸೊಂಟದೆತ್ತರ ನಿಂತಿತ್ತು. ಚಳಿಗಾಲದಲ್ಲಿ ಅರಳಿ ಮುಗಿಯಬೇಕಾದ ಹೂವು ವರ್ಷವಿಡೀ ಅರಳುತ್ತಿತ್ತು. ಬಣ್ಣವೂ ಹಳದಿಯಲ್ಲ, ಹಾಲಿನ ಬಿಳುಪು. ಯಾರೂ ನೀರು ಹಾಕಿದ್ದನ್ನು ಅವಳು ಕಾಣಲಿಲ್ಲ. ಹತ್ತಿರ ಹೋಗಿ ಬಗ್ಗಿದರೆ ಶಾವಂತಿಗೆಯ ಕಹಿಗಂಪಿನ ಅಡಿಯಲ್ಲಿ ಇನ್ನೊಂದು ವಾಸನೆ ಮೂಗಿಗೆ ಹತ್ತುತ್ತಿತ್ತು. ಎಣ್ಣೆ ತಿಕ್ಕಿ, ಎರೆದು, ಮಲಗಿಸಿದ ಕೂಸಿನ ನೆತ್ತಿಯ ವಾಸನೆ.

ಆ ಚಳಿಗಾಲದಲ್ಲಿ ಮನೆಯ ಆಡು ಮರಿ ಹಾಕಿತು. ಮಧ್ಯಾಹ್ನವಾದರೆ ಅದು ಹಗ್ಗ ಹರಿದುಕೊಂಡು ಆ ಮೂಲೆಗೆ ಹೋಗಿ, ಗಿಡದ ಮೇಲೆ ಕಾಲು ಅಗಲಿಸಿ ನಿಲ್ಲುತ್ತಿತ್ತು. ಹೂವಿಗೆ ಬಾಯಿ ಹಾಕುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿತ್ತು. ತಿರುಗಿ ಬಂದಾಗ ಕೆಚ್ಚಲು ಬತ್ತಿದ ಚೀಲದಂತೆ ಜೋತುಬಿದ್ದಿರುತ್ತಿತ್ತು. ಮರಿಗಳು ಗುದ್ದಿ ಗುದ್ದಿ, ಒದರಿ ಒದರಿ, ಒಂದೊಂದಾಗಿ ಸತ್ತವು.

"ಕೇರಿಹಾವು ಕುಡೀತಿರಬೇಕ್ರಿ," ಎಂದಳು ದ್ರೌಪದಿ.

"ಹೂಂ. ಹಾವು ಅಂತನ ತಿಳಕೋ," ಎಂದು ಅತ್ತೆ ಆಡನ್ನು ಬೇರೆಯವರ ಮನೆಗೆ ಕೊಟ್ಟು ಕಳಿಸಿದಳು.

ಚೈತ್ರದ ಹೊತ್ತಿಗೆ ದ್ರೌಪದಿಯ ಹೊಟ್ಟೆ ಕಾಣುವಂತಾಗಿತ್ತು. ವೈಶಾಖದಲ್ಲಿ ಬಸುರಿಯ ಉಡಿ ತುಂಬುವ ಕುಬಸದ ಕಾರ್ಯ ಇಟ್ಟುಕೊಂಡರು. ತವರಿನಿಂದ ಹಸಿರು ಸೀರೆ, ಬಳೆ, ಹೂವು ತೆಗೆದುಕೊಂಡು ಅಪ್ಪ ಬರಬೇಕಿತ್ತು. ಹಿಂದಿನ ದಿನ ಅವನನ್ನು ಕರೆತರಲು ಹೋದ ಬಂಡೆಪ್ಪ ಒಬ್ಬನೇ ತಿರುಗಿ ಬಂದ.

"ಹೋಟಗಿ ದಾಟಿ ಮುಂದ ಬಿಡವಲ್ರು. ಸೊಲ್ಲಾಪುರದಾಗ ಮಾರ್ಶಲ್ ಲಾ ಅಂತ. ಬೀದಿಗೆ ಗೋರಾ ಸಿಪಾಯಿಗಳು ನಿಂತಾರಂತ."

"ಅಪ್ಪ?"

"ಅರಾಮ ಅದಾರಂತ, ರೇಲ್ವೆ ಮಂದಿ ಹೇಳಿದ್ರು. ಹೊರಗ ಬರಂಗಿಲ್ಲ ಅಷ್ಟ."

"ಹೂವರೆ ತಂದೀರಿ ಇಲ್ಲೋ?"

"ಬಾಜಾರನ ಬಂದ್ ಅದ. ಒಂದ ಎಸಳ ಸುದ್ದಾ ಸಿಗಲಿಲ್ಲ."

ತಾಯಿಯಿಲ್ಲ, ತಂದೆ ಬರಲಿಲ್ಲ, ಸೀರೆ ಬರಲಿಲ್ಲ. ಅಷ್ಟನ್ನೂ ನುಂಗಿಕೊಂಡವಳು ಹೂವಿನ ಮಾತಿಗೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕ್ಕಿ, ಬೆಲ್ಲ, ಉತ್ತತ್ತಿ, ಅರಿಷಿಣ ಕೊಂಬು ಎಲ್ಲಾ ಅದಾವ. ಹೂ ಇಲ್ಲಂದ್ರ ಏನಾತು?" ಎಂದು ತುಳಜಾಬಾಯಿ ಸಮಾಧಾನ ಹೇಳಿದಳು. ಹೂವಿಲ್ಲದ ಉಡಿ ಎಂಥ ಉಡಿ? ಮರುದಿನ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂಡುತ್ತಿದ್ದಾಗ ಅವಳು ಮೆಲ್ಲಗೆ ಹಿತ್ತಲಿಗೆ ಹೋದಳು.

ಬೆಂಕಿಯಂಥ ಬಿಸಿಲು. ಆ ಮೂಲೆಯಲ್ಲಿ ಮಾತ್ರ ಬಾವಿಯೊಳಗಿನ ತಂಪು. ಬಿಳಿ ಹೂಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು. ಒಂದು ಹೂವು ಕಿತ್ತಳು. ತೊಟ್ಟು ಮುರಿದಲ್ಲಿ ಬಿಳಿಯ ಹನಿಯೊಂದು ಉಬ್ಬಿ ಬೆರಳಿಗೆ ಇಳಿಯಿತು. ಬೆಚ್ಚಗಿತ್ತು. 'ಶಾವಂತಿಗೆಗೆಲ್ಲಿಯ ಹಾಲು?' ಎಂದುಕೊಂಡಳು. ಒಳಗೆ ಹೆಂಗಸರು ಕರೆಯುತ್ತಿದ್ದರು. ಬೊಗಸೆ ತುಂಬ ಕಿತ್ತು ಸೆರಗಿನ ಉಡಿಗೆ ಹಾಕಿಕೊಂಡು, ಹೋಗಿ ಮಣೆಯ ಮೇಲೆ ಕುಳಿತಳು.

ತುಳಜಾಬಾಯಿ ಅಕ್ಕಿ ತುಂಬಿದ ಬೊಗಸೆ ಹಿಡಿದು ಬಗ್ಗಿದಳು. ಉಡಿಯೊಳಗೆ ಕಣ್ಣು ಬಿತ್ತು. ಕೈ ಅಲ್ಲೇ ನಿಂತಿತು. ಬೆರಳ ಸಂದಿಯಿಂದ ಅಕ್ಕಿ ಸುರಿದು ನೆಲಕ್ಕೆ ಚೆಲ್ಲಿತು.

"ಯಾಕಬೇ ತುಳಜಕ್ಕಾ, ಸೊಸಿ ಉಡಿ ತುಂಬಾಕ ಇಷ್ಟ ವಿಚಾರ ಮಾಡ್ತಿ?" ಎಂದು ಯಾರೋ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು.

ಕುಬಸದ ದಿನ ಉಡಿಯಲ್ಲಿ ಬಂದದ್ದನ್ನು ಹೊರಗೆ ಚೆಲ್ಲುವ ಹಾಗಿಲ್ಲ. ಚೆಲ್ಲಿದರೆ ಹೊಟ್ಟೆಯಲ್ಲಿರುವ ಕೂಸನ್ನೇ ಬೇಡವೆಂದಂತೆ. ಮುದುಕಿ ಕಣ್ಣು ಮುಚ್ಚಿ, ಆ ಹೂಗಳ ಮೇಲೆಯೇ ಅಕ್ಕಿ ಸುರಿದಳು. ಅವಳ ಕಣ್ಣೀರೂ ಅದರೊಂದಿಗೆ ಬಿತ್ತು. ಒಂದು ಹೂವಿಗಾಗಿ ಇಷ್ಟು ಸಿಟ್ಟೇ ಎಂದು ದ್ರೌಪದಿ ಮುಖ ತಿರುಗಿಸಿದಳು.

ಸೊಲ್ಲಾಪುರದ ಮಾರ್ಶಲ್ ಲಾ ತೆರವಾಗುವ ಹೊತ್ತಿಗೆ ಮಳೆ ಹಿಡಿಯಿತು. ಹಳ್ಳ ತುಂಬಿ ಗಾಡಿಯ ದಾರಿ ನಿಂತಿತು. ತವರಿಗೆ ಹೋಗಲಾಗದೆ ಹೆರಿಗೆ ವಾಗದರಿಯಲ್ಲೇ ಆಯಿತು. ಹೆಣ್ಣುಕೂಸು, ಕೆಂಪಗೆ, ದುಂಡಗೆ, ಹುಟ್ಟುತ್ತಲೇ ಬಾಯಿ ತೆರೆದು ಎದೆ ಹುಡುಕಿದಂಥ ಕೂಸು. ಕಮಳಾ ಎಂದು ಹೆಸರಿಡಬೇಕೆಂದು ದ್ರೌಪದಿ ಅಂದೇ ನಿಶ್ಚಯಿಸಿದಳು. ತನ್ನ ಸತ್ತ ತಾಯಿಯ ಹೆಸರು ಅದು.

ಮೊದಮೊದಲು ಎಲ್ಲವೂ ಸರಿಯಿತ್ತು. ಬಾಣಂತಿಗೆ ನೀರೆರೆಯಲು ಬರುತ್ತಿದ್ದ ಸೂಲಗಿತ್ತಿ ಭಾಗಾಬಾಯಿಯೇ ಮೊದಲು ಹುಬ್ಬು ಗಂಟಿಕ್ಕಿದಳು. "ಎದಿ ನೋಡಿದ್ರ ತುಂಬಿ ತುಳಕಾಕತ್ತದ. ಕೂಸಿನ ತುಟಿ ನೋಡಿದ್ರ ಒಣಗಿ ಸಿಪ್ಪಿ ಎದ್ದಾವ. ಇದೇನಿದು ತಾಯಿ?"

ಕೂಸು ಬಾಯಿ ಹಚ್ಚಿದೊಡನೆ ಹಾಲು ನಿಲ್ಲುತ್ತಿತ್ತು. ಹಸುವಿನ ಹಾಲಲ್ಲಿ ಬತ್ತಿ ಅದ್ದಿ ಚೀಪಿಸಿದರೆ ಕಾರಿಕೊಳ್ಳುತ್ತಿತ್ತು. ಓಣಿಯ ಬಾಣಂತಿಯೊಬ್ಬಳು ಕನಿಕರಪಟ್ಟು ಎದೆ ಕೊಡಲು ಬಂದಳು. ಹೊಸಿಲು ದಾಟಿ ದ್ರೌಪದಿಯ ಪಕ್ಕ ಕುಳಿತದ್ದೇ ತಡ, ಅವಳ ಎದೆಯೂ ಬತ್ತಿತು. ಹೆದರಿ ಎದ್ದು ಹೋದವಳು ಮತ್ತೆ ಈ ಕಡೆ ಹಾಯಲಿಲ್ಲ. ಕೂಸಿನ ಕೆನ್ನೆ ಇಳಿಯಿತು. ಕೈಕಾಲು ಕಡ್ಡಿಯಾದವು. ಅಳುವ ದನಿ ಬೆಕ್ಕಿನ ಮರಿಯ ದನಿಯಷ್ಟಾಯಿತು.

ಬಾಣಂತಿಯ ಕೋಣೆಗೆ ಕಿಟಕಿಯಿರಲಿಲ್ಲ. ಮಾಳಿಗೆಯ ಬೆಳಕಿಂಡಿಗೂ ಮಳೆಗೆಂದು ಮಡಕೆ ಬೋರಲು ಹಾಕಿದ್ದರು. ಹಾಡುಹಗಲಲ್ಲೂ ಒಳಗೆ ಕಗ್ಗತ್ತಲೆ. ಹೊರಸಿನ ಕೆಳಗೆ ಕೆಂಡದ ಒಂದೇ ಒಂದು ಕೆಂಪು ಕಣ್ಣು. ಅಜವಾನದ ಹೊಗೆ, ಬೆಳ್ಳುಳ್ಳಿಯ ಘಾಟು, ಹಸಿ ಮೈಯ ವಾಸನೆ. ಒಂದು ಮಧ್ಯಾಹ್ನ, ಅತ್ತು ಅತ್ತು ಸೋತ ಕಮಳಾ ಅವಳ ಎಡಗಡೆ ನಿದ್ದೆಹೋಗಿದ್ದಳು. ದ್ರೌಪದಿಗೂ ಜೊಂಪು ಹತ್ತಿತ್ತು.

ಹಾಲು ಇಳಿದ ಸೆಳೆತಕ್ಕೆ ಎಚ್ಚರವಾಯಿತು. ಆ ಸೆಳೆತ ಹಾಲೂಡಿಸಿದವರಿಗೆ ಗೊತ್ತು. ಕಡೆಗೂ ಕೂಸು ಕುಡಿಯಿತು! ಚಪ್ ಚಪ್ ಎಂಬ ಸದ್ದು ಕಿವಿಗೇ ಕೇಳಿಸುತ್ತಿತ್ತು. ಸುಖದಿಂದ ಅವಳ ಕಣ್ಣು ಮತ್ತೆ ಮುಚ್ಚಿತು. ಮುಚ್ಚಿದ್ದು ತಟ್ಟನೆ ತೆರೆಯಿತು.

ಕಮಳಾ ಎಡಗಡೆ ಇದ್ದಳು. ಉಸಿರು ಎಡ ತೋಳಿಗೆ ತಗಲುತ್ತಿತ್ತು. ಸದ್ದು ಬಲಗಡೆಯಿಂದ ಬರುತ್ತಿತ್ತು.

ಕೂಗಬೇಕೆಂದರೆ ದನಿ ಬರಲಿಲ್ಲ. ಏಳಬೇಕೆಂದರೆ ಮೈ ಏಳಲಿಲ್ಲ. ಮೂಗಿಗೆ ಕಹಿಯಾದ ಶಾವಂತಿಗೆಯ ಗಂಪು. ಎದೆಗೆ ತಣ್ಣಗೆ, ಒದ್ದೆ ಮಣ್ಣಿನಷ್ಟು ತಣ್ಣಗೆ ಏನೋ ಒತ್ತಿಕೊಂಡಿತ್ತು. ಕೈ ಅಲ್ಲಿಗೆ ಹೋಯಿತು. ಬೆರಳಿಗೆ ಸಣ್ಣದೊಂದು ತಲೆ ಸಿಕ್ಕಿತು. ಮೆತ್ತನೆಯ ಕೂದಲು. ಕೂದಲ ತುಂಬ ಗರಸು. ಸದ್ದು ನಿಂತಿತು. ಉಸಿರು ಬಿಗಿಹಿಡಿದು ಅದೂ ಕಾಯುತ್ತಿದ್ದಂತೆ ಅನ್ನಿಸಿತು. ಹೊಡೆದಾರೆಂದು ಅಂಜಿದ ಕೂಸಿನ ಹಾಗೆ. ಆಗ ಅವಳ ಕೈ, ಅವಳನ್ನು ಕೇಳದೆಯೇ, ಆ ತಲೆಯನ್ನು ಮೆಲ್ಲಗೆ ತಟ್ಟಿತು. ಸದ್ದು ಮತ್ತೆ ಶುರುವಾಯಿತು.

ಎಡಗಡೆ ಕಮಳಾ ಕೀರಲು ದನಿಯಲ್ಲಿ ಅತ್ತಳು. ಮೈ ಬಿಡುಗಡೆಯಾಯಿತು. ದ್ರೌಪದಿ ಹೊರಗೋಡಿದಳು. ಬಾಣಂತಿ ಹೊರಗೆ ಕಾಲಿಡಬಾರದೆಂಬುದೂ ನೆನಪಿಲ್ಲ. ಕೊಟ್ಟಿಗೆಯ ಸಲಿಕೆ ಕೈಗೆ ಬಂತು. ಗಿಡ ಎಂದೂ ಇಲ್ಲದಷ್ಟು ಅರಳಿತ್ತು. ಎಲೆಯೇ ಕಾಣದಂತೆ ಹೂವು. ಎತ್ತಿ ಹೊಡೆದಳು. ಕಿಡಿ ಹಾರಿತು. ಒಂದು ಬೇರು ತುಂಡಾಯಿತು.

ಒಳಗೆ ಕಮಳಾ ಚಿಟ್ಟನೆ ಚೀರಿದಳು. ಆಮೇಲೆ ಉಸಿರೇ ಇಲ್ಲ.

"ಸಲಿಕಿ ಒಗಿ!" ತುಳಜಾಬಾಯಿ ಓಡಿಬಂದು ಸಲಿಕೆಯ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಳು. "ಒಗಿ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ನಿನ್ನ ಕೂಸು ನೀಲಿಗಟ್ಟಾಕತ್ತದ!"

ಸಲಿಕೆ ಬಿತ್ತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಕ್ಷೀಣವಾದ ಅಳು ಕೇಳಿಸಿತು. ಅತ್ತೆ ಸೊಸೆ ಇಬ್ಬರೂ ಗರಸಿನ ಮೇಲೆಯೇ ಕುಸಿದು ಕುಳಿತರು.

"ಕೆಳಗ ಯಾರದಾರ್ರಿ?" ಎಂದಳು ದ್ರೌಪದಿ.

"ನನ್ನ ಮೊಮ್ಮಗ."

ಮುದುಕಿ ಹೇಳಿದಳು. ಊರಿಗೆ ಊರೇ ಹಾಸಿಗೆ ಹಿಡಿದ ದೊಡ್ಡ ಜ್ವರದ ವರ್ಷ ನೀಲಾಬಾಯಿಯ ಗಂಡುಕೂಸು ಹೋಯಿತು. ಇನ್ನೂ ಹಲ್ಲು ಬಂದಿರಲಿಲ್ಲ. ಕೂಸು ಹೋದರೂ ತಾಯಿಯ ಹಾಲು ನಿಲ್ಲಲಿಲ್ಲ, ಅಳುವೂ ನಿಲ್ಲಲಿಲ್ಲ. ಮಂಗಳವೇಢೆ ಕಡೆಯಿಂದ ಬಂದ ಒಬ್ಬ ಮಾಟಗಾರನ ಹತ್ತಿರ ಅವಳು ಕದ್ದು ಹೋದಳು. ಅವನು ಹೇಳಿದಂತೆ, ಹೊಲದ ಬದುವಿನಲ್ಲಿ ಹೂಳಿದ್ದ ಕೂಸನ್ನು ತಂದು ಈ ಮೂಲೆಯಲ್ಲಿ ಮತ್ತೆ ಹೂಳಿ, ತನ್ನ ತುರುಬಿನ ಕೂದಲು ಸುತ್ತಿದ ಶಾವಂತಿಗೆಯ ಸಸಿ ನೆಟ್ಟಳು. ದಿನಾ ಮಧ್ಯಾಹ್ನ ಎದೆಯ ಹಾಲು ಹಿಂಡಿ ಹಾಕಿದಳು. ಏನೂ ಬೆಳೆಯದಲ್ಲಿ ಗಿಡ ಚಿಗುರಿತು, ಅರಳಿತು. ಅವಳು ಒಣಗಿ ಜೋಳದ ಕಂಕಿಯಾದಳು.

"ಸಾಯೂ ಮುಂದ ನನ್ನ ಕೈ ಹಿಡಕೊಂಡು ಅಂದಳು: ಯಾವಾಕಿ ಇವನ್ನ ತನ್ನ ಉಡಿಯಾಗ ತಗೋತಾಳ, ಅಕೀನ ಇವನ ತಾಯಿ ಆಗ್ಲಿ. ಅಕಿ ಹಾಲು ಮೊದಲ ಇವಗ, ಆಮ್ಯಾಲ ಬ್ಯಾರೆವರಿಗೆ. ಇವನ್ನ ಯಾರರೆ ಕಿತ್ತ ಒಗದ್ರ ಅವರ ಉಡೀನೂ ಬರಿದಾಗ್ಲಿ." ತುಳಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಕಿ ಶಾಪ ಅಂತ ಅಂದಿಲ್ಲವ್ವಾ, ಬೇಡಕೊಂಡಳು. ತಾಯಿ ಬೇಡಕೊಂಡದ್ದು ಮಾಟಕ್ಕ ಸಿಕ್ಕು ಶಾಪ ಆತು."

"ನೀವ ಯಾಕ ಕಿತ್ತ ಒಗೀಲಿಲ್ಲ? ನಾ ಬರೂಕ್ಕಿಂತ ಮೊದಲ ಒಗೀಬೇಕಿತ್ತಲ್ರಿ!"

"ಅಂವಾ ನನ್ನ ತೊಡಿ ಮ್ಯಾಲ ಆಡಿದಾಂವ. ಅವನ ಮೈಮ್ಯಾಲ ಸಲಿಕಿ ಹೆಂಗ ಹಾಕ್ಲಿ?"

ದ್ರೌಪದಿ ಎದ್ದು ಒಳಗೆ ಮಗಳ ಕಡೆಗೆ ಹೋದಳು.

ಹಳ್ಳದ ನೀರು ಇಳಿದಿತ್ತು. ಮರುದಿನವೇ ಕೂಸನ್ನು ಕಟ್ಟಿಕೊಂಡು ಗಾಡಿ ಹತ್ತಿದಳು. ಈ ಮನೆ ಬಿಟ್ಟರೆ ಸಾಕು, ಮಗಳು ಉಳಿದಾಳು. ಅಕ್ಕಲಕೋಟ ರೋಡ ಸ್ಟೇಶನ್ನಿಗೆ ಬರಬೇಕೆಂದು ಮಾವನಿಗೆ ಬಂಡೆಪ್ಪ ಹಿಂದಿನ ಸಂಜೆಯೇ ಸೊಲ್ಲಾಪುರಕ್ಕೆ ಆಳಿನ ಕೈಯಲ್ಲಿ ಹೇಳಿಕಳಿಸಿದ್ದ. ಅವನು ಎತ್ತು ಹೊಡೆಯುತ್ತ ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಊರ ಸೀಮೆ ದಾಟಿದ ಮೇಲೆ ಅವಳು ಮಗಳಿಗೆ ಎದೆ ಕೊಟ್ಟಳು. ಕಮಳಾ ಬಾಯಿ ಹಚ್ಚಿದಳು. ಒಂದು ಗುಟುಕು ಗಂಟಲಿಗಿಳಿಯಿತು. ದ್ರೌಪದಿಯ ಕಣ್ಣು ತುಂಬಿ ಬಂತು. "ಕುಡಿ ನನ ಅವ್ವ, ಕುಡಿ."

ಹಾಲು ನಿಂತಿತು.

ಬಲಗಡೆ ಸೆಳೆತ ಶುರುವಾಯಿತು. ಚಪ್. ಚಪ್. ಗಾಡಿಯ ಗಾಲಿಯ ಸದ್ದಿನ ಮೇಲೆ ಅದೇ ಸದ್ದು. ಹಾಡುಹಗಲು. ಎರಡೂ ಬದಿಗೆ ಹಸಿರು ಹೊಲ. ಉಡಿ ಭಾರವಾಯಿತು. ಸೆರಗು ಬಿಚ್ಚಿದಳು. ಒಳಗೆ ತುಂಬ ಬಿಳಿಯ ಶಾವಂತಿಗೆ. ಒದ್ದೆಯಾಗಿತ್ತು. ತೊಟ್ಟಿಗೆ ಗರಸು ಅಂಟಿತ್ತು.

ಮನೆಯಲ್ಲಿ ಇರಲಿಲ್ಲ ಅವನು. ಅವಳ ಉಡಿಯಲ್ಲಿದ್ದ. ಅವಳೆಲ್ಲಿಗೆ ಹೋದರೂ ಅಲ್ಲಿಗೆ ಬರುವವನು.

"ಏನಾತು?" ಎಂದ ಬಂಡೆಪ್ಪ, ಮುಂದೆಯೇ ನೋಡುತ್ತ.

"ಲಗೂ ಹೊಡೀರಿ," ಎಂದಳು. ಅಷ್ಟರಲ್ಲಿ ಅವಳಿಗೆ ಏನು ಮಾಡಬೇಕೆಂದು ತಿಳಿದಿತ್ತು.

ಸ್ಟೇಶನ್ನಿನಲ್ಲಿ ನಾಗಣ್ಣ ಕಾದಿದ್ದ. ದ್ರೌಪದಿಯ ಅಣ್ಣನ ಹೆಂಡತಿ ಇಂದುಬಾಯಿ ತನ್ನ ಹಾಲುಗೂಸನ್ನು ಎತ್ತಿಕೊಂಡು ಜೊತೆಗೆ ಬಂದಿದ್ದಳು. ಮೊಮ್ಮಗಳ ಮುಖ ಕಂಡು ಅಪ್ಪನ ನಗೆ ಆರಿಹೋಯಿತು. ದ್ರೌಪದಿ ಮಗಳನ್ನು ಅತ್ತಿಗೆಯ ಕೈಗೆ ಹಾಕಿದಳು.

"ವಹಿನಿ, ನಿನ್ನ ಎದಿಗೆ ಹಚ್ಚಕೋ. ಈಗ ಅಲ್ಲ, ನಾ ದೂರ ಹೋದ ಮ್ಯಾಲ."

"ದೂರ ಯಾಕ? ಹುಚ್ಚಿಗಿಚ್ಚಿ ಹಿಡದದೇನು ನಿನಗ?"

"ನಾ ಬಾಜೂಕ ಇದ್ರ ಅಕೀಗಿ ಹಾಲು ದಕ್ಕಾಂಗಿಲ್ಲ. ಕೇಳಬ್ಯಾಡ. ನನ್ನಾಣಿ."

ಅವಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದಳು. ಹಿಂದಿನಿಂದ ಮಗಳ ಅಳು ಬೆನ್ನಿಗೆ ಹತ್ತುತ್ತಿತ್ತು. ಒಂದೊಂದು ಅಳುವಿಗೂ ಎದೆ ಬಿರಿಯುವಂತೆ ತುಂಬಿ ಕುಬಸ ತೊಯ್ಯಿತು. ಕಲ್ಲುಹಾಸು ಮುಗಿಯಿತು. ನೆಲ ಇಳಿದಳು. ಹುಣಸೆಯ ಮರದಾಚೆ ಹೋಗಿ ನಿಂತಳು. ಇನ್ನೂ ಅಳು. ಇನ್ನಷ್ಟು ದೂರ ಹೋದಳು. ಮುಳ್ಳಿನ ಬೇಲಿ ಅಡ್ಡ ಬಂತು. ಬೇಲಿಗೆ ಬೆನ್ನು ಹಚ್ಚಿ ನಿಂತಳು.

ಅಳು ನಿಂತಿತು.

ಸತ್ತಳೋ, ಕುಡಿದಳೋ? ಓಡಿ ಹೋಗಿ ನೋಡುವ ಹಾಗಿಲ್ಲ. ದ್ರೌಪದಿ ಎರಡೂ ಕೈಯಿಂದ ಮುಳ್ಳು ಹಿಡಿದುಕೊಂಡು ನಿಂತಳು. ಬಹಳ ಹೊತ್ತಾದ ಮೇಲೆ ನಾಗಣ್ಣ ದೂರದಿಂದ ರುಮಾಲು ಬೀಸಿದ. ಅವನ ದನಿ ಗಾಳಿಯಲ್ಲಿ ತೇಲಿ ಬಂತು. "ಕುಡದಳಬೇ! ಹೊಟ್ಟಿ ತುಂಬ ಕುಡದಳು!"

ರೇಲ್ವೆ ಬಂತು, ಕಮಳಾಳನ್ನು ಸೊಲ್ಲಾಪುರಕ್ಕೆ ಹೊತ್ತು ಹೋಯಿತು. ಬಂಡೆಪ್ಪ ಬಂದು ಅವಳ ಅಂಗೈಯ ಮುಳ್ಳು ತೆಗೆದ. ಇಬ್ಬರೂ ಊರಿಗೆ ತಿರುಗಿದರು.

ಸೊಲ್ಲಾಪುರದಿಂದ ಆಗಾಗ ಸುದ್ದಿ ಬರುತ್ತಿತ್ತು. ಕಮಳಾ ಮೈದುಂಬಿದಳಂತೆ. ಹಲ್ಲು ಬಂತಂತೆ. ನಿಲ್ಲುತ್ತಾಳಂತೆ, ನಡೆಯುತ್ತಾಳಂತೆ, ಇಂದುಬಾಯಿಗೆ 'ಅವ್ವಾ' ಅನ್ನುತ್ತಾಳಂತೆ. ದ್ರೌಪದಿ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದಳು. ಮಧ್ಯಾಹ್ನವಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮೊದಲ ದಿನಗಳಲ್ಲಿ ಶಪಿಸುತ್ತ ಹೋಗುತ್ತಿದ್ದಳು. ಆಮೇಲೆ ಅಳುತ್ತ ಹೋಗುತ್ತಿದ್ದಳು. ಬರಬರುತ್ತ ಎರಡೂ ನಿಂತವು. ತೋಳು ತೆಳ್ಳಗಾದವು, ಕಣ್ಣು ಗುಳಿಬಿದ್ದವು. ಹಾದುಹೋಗುವವರು ಗೋಡೆಯ ಮೇಲಿಂದ ಇಣುಕುವ ಬಿಳಿ ಹೂಗಳನ್ನು ನೋಡಿ, "ಬಂಡೆಪ್ಪನ ಹೇಣತಿ ಕೈಗುಣ ಭಾರಿ ಅದ ನೋಡು, ಕಲ್ಲಾಗ ಹೂ ಬೆಳಸ್ಯಾಳ," ಎನ್ನುತ್ತಿದ್ದರು.

ಎರಡು ಮಳೆಗಾಲ ಕಳೆದ ಮೇಲೆ ನಾಗಣ್ಣ ಗಾಡಿ ಮಾಡಿಕೊಂಡು ಬಂದ. ಮಗಳ ತೆಳ್ಳನೆಯ ತೋಳು ಹಿಡಿದು ನೋಡಿದ. ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಏನ ಅವಸ್ಥಿ ಆಗೇದ ನಿಂದು! ನಡಿ, ಇಂದ ಹೊಂಟುಬಿಡೂಣು. ಕಮಳಿ ಹಾಲು ಬಿಟ್ಟಾಳ, ಈಗ ರೊಟ್ಟಿ ಮುರದು ತಿಂತಾಳ. ಇನ್ನೇನ ಅಂಜಿಕಿ? ಅಕೀಗಿ ತಾಯಿ ಮಾರಿ ಗೊತ್ತಿಲ್ಲ. ಒಮ್ಮಿ ಎತ್ತಿಕೊಳ್ಳಾಕರೆ ಬಾ."

ರೊಟ್ಟಿ ಮುರಿದು ತಿನ್ನುವ ಮಗಳು. ಅವಳ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ಒಣಗಿದ ತುಟಿ ನೆನಪಾಯಿತು, ಕಡ್ಡಿಯಂಥ ಬೆರಳು ನೆನಪಾಯಿತು. ಮುಖ ಮೂಡಲಿಲ್ಲ. ತುಳಜಾಬಾಯಿ ಗಂಟು ಕಟ್ಟಿ ತಂದು ಗಾಡಿಯಲ್ಲಿಟ್ಟಳು. "ಹೋಗವ್ವಾ. ಹೆತ್ತ ಮಗಳ್ನ ನೋಡಿ ಬಾ. ನನ್ನ ಕೂಡ ಅಂವಾ ಇರತಾನೇನ ನೋಡೂಣು," ಎಂದಳು. ದ್ರೌಪದಿ ಗಾಡಿ ಹತ್ತಿ ಕುಳಿತಳು. ನಾಗಣ್ಣ ಬಾರುಕೋಲು ಎತ್ತಿದ.

ಸೂರ್ಯ ನೆತ್ತಿಗೆ ಬಂದಿದ್ದ. ಮನೆಯ ಹಿಂದಿನಿಂದ ಸಣ್ಣದೊಂದು ಅಳು ಎದ್ದಿತು. ಹಠದ ಅಳುವಲ್ಲ. ನಿದ್ದೆಯಿಂದ ಎದ್ದು, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡ ಕೂಸಿನ ಅಳು.

"ನಿಲ್ಲಸ್ರಿ ಅಪ್ಪಾ."

"ಯಾಕ? ಏನ ಬಿಟ್ಟಿ?"

"ಎದ್ದಾನ."

"ಯಾರು?"

ನಾಗಣ್ಣನಿಗೆ ಏನೂ ಕೇಳಿಸಿರಲಿಲ್ಲ. ಅವನ ಮಗಳು ಆಗಲೇ ಗಾಡಿಯಿಂದ ಇಳಿದಿದ್ದಳು. ಅಪ್ಪನ ಕಡೆ ತಿರುಗಿಯೂ ನೋಡದೆ, ಕುಬಸದ ಗಂಟು ಬಿಚ್ಚುತ್ತ, "ಬಂದೆ ನನ್ನಪ್ಪಾ, ಬಂದೆ, ಅಳಬ್ಯಾಡ," ಎನ್ನುತ್ತ ಪಡಸಾಲೆ ದಾಟಿ ಬಿರಬಿರನೆ ನಡೆದುಹೋದಳು.